ಎರಡು ಕೈ ದೂರ

ರಜಬ್ ೬

ಸಮಸ್ತ ಮಿಸ್ರ್ ದೇಶಕ್ಕೂ, ನೈಲ್ ನದಿಯ ಎರಡೂ ದಡಗಳಿಗೂ, ಬಾಗ್ದಾದಿನ ಅರಮನೆಗೆ ಪುರುಸೊತ್ತಿದ್ದರೆ ಅದಕ್ಕೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಫುಸ್ತಾತ್ ನಗರದ ಹಾಳೆಗಾರರ ಓಣಿಯ ನಿವಾಸಿಯಾದ ಸುವೈದ್ ಎಂಬ ನಾನು, ಈ ದಿನ ಬೆಳಗಿನ ನಮಾಜಿನ ನಂತರ, ನನ್ನ ಬಾಗಿಲಿನ ತಿರುಗಣಿಗೆ ಎಣ್ಣೆ ಹಾಕಿದೆ.

ಕೆಲಸ ಸಣ್ಣದಲ್ಲ. ಲುಬಾಬಾ ತೀರಿಕೊಂಡು ನಾಲ್ಕು ವರ್ಷ. ಹೆಂಡತಿ ಹೋದ ಮೇಲೆ ಈ ಬಾಗಿಲನ್ನು ತೆರೆದವನೂ ನಾನೇ, ಮುಚ್ಚಿದವನೂ ನಾನೇ. ಅದು ಕಿರ್ರ್ ಎನ್ನುತ್ತಿತ್ತು, ನಾನು ಹೂಂ ಎನ್ನುತ್ತಿದ್ದೆ. ಮನೆಯಲ್ಲಿ ಮಾತಾಡುವ ಒಂದೇ ವಸ್ತುವಿನ ಬಾಯಿ ಮುಚ್ಚಿಸುವುದು ಸುಲಭದ ತೀರ್ಮಾನವಲ್ಲ. ಆದರೆ ಇನ್ನು ಮುಂದೆ ಜನ ಬರುವವರಿದ್ದಾರೆ.

ನಿನ್ನೆ ಖುಫಾಫ್ ತೀರಿಕೊಂಡ. ಪ್ರವಾದಿಯವರನ್ನು ಕಣ್ಣಾರೆ ಕಂಡು, ಅವರ ಕೈ ಹಿಡಿದಿದ್ದ ಸಂಗಾತಿಗಳಲ್ಲಿ ಒಬ್ಬರು ನಮ್ಮ ಈ ಊರಿನಲ್ಲೇ ಮುಪ್ಪಾಗಿ ಕಣ್ಣು ಮುಚ್ಚಿದರು. ಆಗ ನನಗೆ ಐದು ವರ್ಷ. ಊರವರು ತಮ್ಮ ಮಕ್ಕಳನ್ನು ಅವರ ಬಳಿ ಕರೆದೊಯ್ದು ಕೈ ಹಿಡಿಸಿಕೊಂಡು ಬರುತ್ತಿದ್ದರು. ಆ ಮಕ್ಕಳೆಲ್ಲ ಮುದುಕರಾದರು, ಒಬ್ಬೊಬ್ಬರಾಗಿ ಹೋದರು. ಮೊನ್ನೆಯವರೆಗೆ ಉಳಿದವರು ಇಬ್ಬರು, ಖುಫಾಫ್ ಮತ್ತು ನಾನು. ಖುಫಾಫನ ಮನೆ ಮುಂದೆ ಸಾಲು ನಿಲ್ಲುತ್ತಿತ್ತು. ಎರಡನೆಯವನನ್ನು ನೋಡಲು ಯಾರೂ ಓಣಿ ಹುಡುಕಿಕೊಂಡು ಬರುವುದಿಲ್ಲ.

ಇಂದಿನಿಂದ ನನಗೆ ಬಡ್ತಿ. ಅದಕ್ಕಾಗಿ ನಾನು ಮಾಡಿದ ಸಾಧನೆ ಸಾಯದೇ ಇದ್ದದ್ದು.

(ಆ ಹಿರಿಯರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅರವತ್ತು ವರ್ಷ ಜೊಂಡು ಸೀಳಿ ಹಾಳೆ ಮಾಡಿದವನು ನಾನು. ಈಗ ಉಳಿದ ಅಂಚಿನ ಚೂರುಗಳ ಮೇಲೆ ಗೀಚುತ್ತೇನೆ, ಚಳಿಗಾಲದಲ್ಲಿ ಅವುಗಳಿಂದಲೇ ಒಲೆ ಹೊತ್ತಿಸುತ್ತೇನೆ. ಅಂಥ ಚೂರಿನ ಮೇಲೆ ಅಂಥ ಹೆಸರು ಬರೆಯಬಾರದು.)

ರಜಬ್ ೯

ಬಂದರು! ಮೂವರು!

ಕರೆತಂದವನು ಯಸಾರ್, ದೊಡ್ಡ ಮಸೀದಿಯ ದೀಪಗಳ ಉಸ್ತುವಾರಿಯವನು. ಖುಫಾಫನ ಸಾಲನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಈಗ ಅವನಿಗೂ ಕೆಲಸ ಬೇಕಲ್ಲ.

"ಅಜ್ಜಾವ್ರೇ, ಆ ಗೋಡೆಗೆ ಒರಗಿ ಕೂತ್ಕೊಳ್ಳಿ. ಬೆಳಕು ಮುಖದ ಮೇಲೆ ಬೀಳ್ಬೇಕು."

"ಜನ ನೋಡೋಕೆ ಬರೋದು ಕೈನಪ್ಪ."

"ಕೈ ಮುಖದ ಜೊತೆಗೇ ಬರುತ್ತಲ್ಲ! ಒಂದು ಸ್ವಲ್ಪ ಕಥೆ ಹೇಳಿ. ಖುಫಾಫಜ್ಜ ಎಷ್ಟು ಚೆನ್ನಾಗಿ ಹೇಳ್ತಿದ್ರು, ಕೊನೇಲಿ ಅಳ್ತಿದ್ರು ಕೂಡ."

ನನಗೆ ಅಳು ಬರಲಿಲ್ಲ. ಆದರೂ ನೆನಪಿದ್ದಷ್ಟು ಹೇಳಿದೆ. ಬಿಸಿಯಾದ ಅಂಗೈ. ಆಗಷ್ಟೇ ನಮಾಜಿಗೆಂದು ಕೈಕಾಲು ತೊಳೆದು ವುಜೂ ಮಾಡಿ ಬಂದಂತೆ ಸ್ವಲ್ಪ ಹಸಿ. ಬಿಗಿಯಾದ ಹಿಡಿತ. ಮೂವರೂ ನನ್ನ ಬಲಗೈ ಹಿಡಿದು, ತಮ್ಮ ಕೈಗಳನ್ನು ಮುಖಕ್ಕೆ ಸವರಿಕೊಂಡು ಸಲವಾತ್ ಹೇಳಿದರು. ಪ್ರವಾದಿಯವರ ಮೇಲೆ ಶಾಂತಿಯನ್ನು ಕೋರುವ ಆ ಮಾತನ್ನು ನಾನೂ ಹೇಳಿದೆ. ಯಸಾರ್ ಪಕ್ಕದಲ್ಲಿದ್ದುದರಿಂದ ತುಸು ಜೋರಾಗಿಯೇ ಹೇಳಿದೆ.

ಅವರು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ರೊಟ್ಟಿಯ ಜೊತೆ ಉಪ್ಪುಮೀನು ತಿಂದೆ.

ರಜಬ್ ೧೬

ಬಲಗೈ ಈಗ ಸಾರ್ವಜನಿಕ ಸ್ವತ್ತು. ಅದು ಕಸ ಗುಡಿಸುವುದಿಲ್ಲ, ಈರುಳ್ಳಿ ಹೆಚ್ಚುವುದಿಲ್ಲ, ಬೆನ್ನು ಕೆರೆಯುವುದಿಲ್ಲ. ಇದನ್ನೆಲ್ಲ ಎಡಗೈಗೆ ವಹಿಸಲಾಗಿದೆ. ಎಡಗೈ ಮುನಿಸಿಕೊಂಡಂತಿದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವುಗಳಲ್ಲವೆ ಎರಡೂ.

ಎದುರು ಮನೆಯ ತೆಕ್ಲಾ ರೊಟ್ಟಿ ಸುಡುವವಳು, ಕಿಬ್ತೀ ಹೆಂಗಸು, ಭಾನುವಾರಗಳಲ್ಲಿ ತನ್ನ ಚರ್ಚಿಗೆ ಹೋಗುತ್ತಾಳೆ, ಉಳಿದ ಆರು ದಿನ ನನ್ನನ್ನು ಗೇಲಿ ಮಾಡುತ್ತಾಳೆ. ಇಂದು ಹಿಟ್ಟಿನ ಕೈಯಲ್ಲೇ ಬಂದು ಹೊಸ್ತಿಲಲ್ಲಿ ನಿಂತಳು.

"ಏನ್ ತಾತ, ಕೈಯನ್ನ ಬಟ್ಟೇಲಿ ಸುತ್ತಿಟ್ಟಿದ್ದೀಯಲ್ಲ, ಮುರೀತಾ?"

"ಧೂಳಿನ ಗಾಳಿ ಅಮ್ಮಾ. ಗೌರವದ ವಸ್ತು."

"ನಾಲ್ಕು ವರ್ಷದಿಂದ ಅದೇ ಕೈಯಲ್ಲಿ ನನ್ನ ಹತ್ರ ರೊಟ್ಟಿ ಇಸ್ಕೊಂಡಿದ್ದೀಯ. ಮೊದಲೇ ಹೇಳ್ಬಾರದಾ? ನಾನೂ ಸ್ವಲ್ಪ ಕೈ ತೊಳ್ಕೊಂಡು ಕೊಡ್ತಿದ್ದೆ."

ಇಂದು ಬಂದವರು ಒಂಬತ್ತು ಜನ. ಯಸಾರ್ ಓಣಿಯ ಬಾಯಲ್ಲಿ ನಿಂತು "ಇಬ್ಬಿಬ್ಬರಾಗಿ, ಇಬ್ಬಿಬ್ಬರಾಗಿ" ಎನ್ನುತ್ತಿದ್ದಾನೆ. ಅವನ ಗಂಟಲಲ್ಲಿ ಎಂಥ ಆನಂದ!

ರಜಬ್ ೨೧

ಕುಂಬಾರರ ಕೇರಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಹೆಸರು ರಬಾಬ್. ಕಥೆ ಕೇಳಲಿಲ್ಲ. ಸೆರಗಿನೊಳಗಿಂದ ನಲವತ್ತು ದಿನದ ಕೂಸನ್ನು ತೆಗೆದು, ಅದರ ಮುಷ್ಟಿಯನ್ನು ನನ್ನ ಅಂಗೈಯೊಳಗಿಟ್ಟಳು. ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಅವಳು ಕಾದಳು. ಸಾಲಿನವರು ಗೊಣಗಿದರು. ಯಸಾರ್ ಕೆಮ್ಮಿದ. ಅವಳು ಕಾದೇ ಕಾದಳು.

"ನಿದ್ದೇಲಿದೆ ಕಣಮ್ಮ," ಎಂದೆ.

"ಏಳ್ಲಿ ಅಜ್ಜ. ಅವರ ಕೈಯಿಂದ ಇಲ್ಲೀವರೆಗೂ ಬಂದಿದೆ, ಇವನು ಏಳೋ ತನಕ ಇರಲ್ವಾ?"

ಕೊನೆಗೆ ಕೂಸು ಎದ್ದು, ನನ್ನ ಕಿರುಬೆರಳು ಹಿಡಿದು, ಅತ್ತಿತು. ಅವಳ ಮುಖ ಹೇಗಾಯಿತೆಂದು ಬರೆಯಲು ಪ್ರಯತ್ನಿಸಿದೆ, ಮೂರು ಸಲ ಹೊಡೆದುಹಾಕಿದ್ದೇನೆ.

ಅವಳು ನೋಡಿದ್ದು ನನ್ನನ್ನಲ್ಲ. ಅದು ಗೊತ್ತಾಯಿತು. ಕಿಟಕಿಯನ್ನು ಯಾರೂ ನೋಡುವುದಿಲ್ಲ, ಅದರ ಮೂಲಕ ನೋಡುತ್ತಾರೆ. ಕಿಟಕಿಗೆ ಇದರಿಂದ ಬೇಸರವಾಗಬಾರದು. ಆಗಲಿಲ್ಲ ಎಂದೇನೂ ಅಲ್ಲ.

ರಜಬ್ ೨೭

ಖುರಾಸಾನಿನ ಮರ್ವ್ ಪಟ್ಟಣದಿಂದ ಒಬ್ಬ ಯುವಕ ಬಂದಿದ್ದಾನೆ. ಮಿಹ್ರಾನ್ ಅಂತ ಹೆಸರು. ಎತ್ತರದ ಆಳು, ಎಡಗಣ್ಣಿನ ಮೇಲೆ ಹುಬ್ಬಿಲ್ಲ. ದೀಪದ ಹತ್ತಿರ ಬಗ್ಗಿ ಓದುತ್ತಾ ಸುಟ್ಟುಕೊಂಡನಂತೆ. ಪ್ರವಾದಿಯವರ ಮಾತುಗಳನ್ನು ಯಾರು ಯಾರಿಂದ ಕೇಳಿದರೆಂದು ಊರೂರು ತಿರುಗಿ ಬರೆದುಕೊಳ್ಳುವ ವಿದ್ಯಾರ್ಥಿಗಳ ಪೈಕಿ. ನಾಲ್ಕು ತಿಂಗಳು ನಡೆದು ಬಂದಿದ್ದಾನೆ. ಬಂದವನು ನೇರ ಒಳಗೆ ಬರಲಿಲ್ಲ. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಗಂಟಿನಿಂದ ಒಗೆದ ಅಂಗಿ ತೆಗೆದು ತೊಟ್ಟು, ಚೂರು ಅತ್ತರು ಹಚ್ಚಿಕೊಂಡು ಆಮೇಲೆ ಬಾಗಿಲಿಗೆ ಬಂದ. ಆ ಹೊತ್ತಿಗೆ ನಾನು ಎಡಗೈಯಲ್ಲಿ ಬಸಳೆಯಂಥ ಮುಲೂಖಿಯಾ ಸೊಪ್ಪು ಸೋಸುತ್ತಿದ್ದೆ.

"ಮಗಾ, ಮದುವೆ ಮನೆ ಇದಲ್ಲ," ಎಂದೆ.

ಅವನು ನಗಲಿಲ್ಲ. "ಗುರುಗಳೇ, ಮರ್ವ್‌ನಿಂದ ಮದೀನಾಕ್ಕೆ ಎಷ್ಟು ದೂರ ಅಂತ ನಮ್ಮೂರಲ್ಲಿ ಒಂಟೆ ಹೊಡೆಯೋರಿಗೆಲ್ಲ ಗೊತ್ತು. ನನ್ನಿಂದ ಪ್ರವಾದಿಯವರಿಗೆ ಎಷ್ಟು ದೂರ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳ್ಕೊಂಡು ಕೇಳ್ಕೊಂಡು ಬಂದೆ. ಎರಡು ಕೈ ಅಂದ್ರು. ಒಂದು ಆ ಹಿರಿಯರದು, ಇನ್ನೊಂದು ನಿಮ್ಮದು."

ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತ. ಎಷ್ಟು ಹೊತ್ತೋ. ನನಗೆ ಕಾಲು ಜೋಮು ಹಿಡಿಯಿತು. ಆದರೂ ಎಳೆದುಕೊಳ್ಳಲು ಮನಸ್ಸಾಗಲಿಲ್ಲ. ನನ್ನ ಕೈಯನ್ನು ಅಷ್ಟು ಹೊತ್ತು ಯಾರಾದರೂ ಹಿಡಿದುಕೊಂಡು ನಾಲ್ಕು ವರ್ಷವಾಗಿತ್ತು.

ರಜಬ್ ೨೯

ಮಿಹ್ರಾನ್ ಪ್ರತಿದಿನ ಬರುತ್ತಾನೆ. ಜೊತೆಗೆ ಊಟ ಮಾಡುತ್ತೇವೆ. ಸಾರಿಗೆ ಜೀರಿಗೆ ಬಿದ್ದರೆ ಸರಿಯಾಗಿ ಮೂರು ಸಲ ಸೀನುತ್ತಾನೆ. ನಾನು ಬೇಕೆಂದೇ ಜೀರಿಗೆ ಹಾಕುತ್ತೇನೆ. ಸೀನು ಕೂಡ ಮನೆಗೊಂದು ಸದ್ದು.

ಆದರೆ ಪ್ರಶ್ನೆ ಕೇಳುವುದು ಅವನ ಕಸುಬು.

"ಯಾವ ವರ್ಷ ಗುರುಗಳೇ?"

"ದೊಡ್ಡ ಪಿಡುಗು ಬಂತಲ್ಲ, ಅದಕ್ಕೆ ಸ್ವಲ್ಪ ಮುಂಚೆ."

"ಜೊತೆಗೆ ಯಾರಿದ್ರು?"

"ಅಪ್ಪ."

"ಹಿರಿಯರ ಮುಖ ಹೇಗಿತ್ತು? ಗಡ್ಡಕ್ಕೆ ಮದರಂಗಿ ಹಚ್ತಿದ್ರಾ?"

ಎಪ್ಪತ್ತನಾಲ್ಕು ವರ್ಷದಿಂದ ಈ ನೆನಪನ್ನು ತಿರುವಿ ತಿರುವಿ ನೋಡಿದ್ದೇನೆ, ಅದರಲ್ಲಿ ಕೈ ಇದೆ, ಬಿಸಿ ಇದೆ, ಹಸಿ ಇದೆ. ಮುಖ ಇಲ್ಲ. ಇಲ್ಲ ಎನ್ನುವುದು ಇಂದೇ ಗೊತ್ತಾಯಿತು.

"ಬಿಸಿಲು ಕಣ್ಣಿಗೆ ಹೊಡೀತಿತ್ತು," ಎಂದೆ.

ಅವನು 'ಬಿಸಿಲು' ಎಂದು ಬರೆದುಕೊಂಡ. ಎಷ್ಟು ಶ್ರದ್ಧೆಯಿಂದ ಬರೆದುಕೊಂಡನೆಂದರೆ ನಾನು ಎದ್ದು ಒಲೆ ನೋಡಲು ಹೋದೆ.

ಶಾಬಾನ್ ೨

ಮಿಹ್ರಾನ್ ಹೋದ. ಪೂರ್ವದ ಕಡೆ ಹೊರಟ ಸಾರ್ಥವೊಂದು ಸಿಕ್ಕಿತಂತೆ. ಹೋಗುವಾಗ ತನ್ನ ಪುಸ್ತಕ ತೆರೆದು ತೋರಿಸಿದ. ಪ್ರವಾದಿಯವರು, ಕೆಳಗೆ ಆ ಹಿರಿಯರು, ಅದರ ಕೆಳಗೆ ಸುವೈದ್, ಫುಸ್ತಾತ್‌ನ ಹಾಳೆಗಾರ. ಅದರ ಕೆಳಗೆ ಮಿಹ್ರಾನ್. ನನ್ನ ಹೆಸರು ಅಂಥ ಸಾಲಿನಲ್ಲಿ! ಅದೂ ಅಂಚಿನ ಚೂರಿನ ಮೇಲಲ್ಲ, ಪೂರಾ ಹಾಳೆಯ ಮೇಲೆ. ಹಾಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ನನ್ನ ಕೈಯಲ್ಲಾದದ್ದಲ್ಲ, ಆದರೂ ಒಳ್ಳೆಯ ಹಾಳೆ.

ಸಂಜೆ ಸಾರಿಗೆ ಜೀರಿಗೆ ಹಾಕಿದೆ. ಯಾರೂ ಸೀನಲಿಲ್ಲ.

ನಾಳೆ ಗುರುವಾರ. ನದಿ ದಾಟಿ ಜೀಝಾಕ್ಕೆ ಹೋಗಿ ಉಮೈಮಾ ಅಕ್ಕನನ್ನು ನೋಡಿ ಬರುತ್ತೇನೆ. ಲುಬಾಬಾಳ ಸಾವಿನಲ್ಲಿ ಅವಳು ಏನೋ ಅಂದಳು, ನಾನು ಏನೋ ಅಂದೆ. ಅಂದಿನಿಂದ ಹೋಗಿಲ್ಲ. ಈಗ ಹೋಗಲು ಕಾರಣವಿದೆ. ಹಿರಿಯರ ಗಡ್ಡದ ಬಣ್ಣ ಅವಳಿಗೆ ನೆನಪಿರಬಹುದು. ಜೊತೆಗೆ, ತಮ್ಮ ದೊಡ್ಡ ಮನುಷ್ಯನಾದದ್ದು ಅವಳ ಕಿವಿಗೂ ಬೀಳಲಿ.

ಶಾಬಾನ್ ೩

ಆದದ್ದನ್ನು ಆದಂತೆ ಬರೆಯುತ್ತೇನೆ.

ದೋಣಿಗಳ ಸೇತುವೆ ದಾಟಿ ಹೋದೆ. ಅಕ್ಕನಿಗೆ ಎಂಬತ್ತಾರು. ಕಣ್ಣು ಹೋಗಿದೆ, ನಾಲಿಗೆ ಹಾಗೇ ಇದೆ. ಮೊಮ್ಮಗಳ ಮನೆಯ ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನ್ನ ಹೆಜ್ಜೆ ಸದ್ದಿಗೇ ಹೇಳಿದಳು:

"ಬಂದ್ಯೇನೋ. ನಾಲ್ಕು ವರ್ಷಕ್ಕೆ ಸೇತುವೆ ಕಟ್ಟಿ ಮುಗಿಸಿದ್ರಾ?"

ನಾನು ಕೂತು ನನ್ನ ಕೀರ್ತಿಯನ್ನೆಲ್ಲ ವಿವರಿಸಿದೆ. ಸಾಲು, ಯಸಾರ್, ಮರ್ವ್‌ನ ಯುವಕ. ಅವಳು ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿದಳು. ಹೊಗಳುತ್ತಾಳೆ ಎಂದುಕೊಂಡೆ.

"ಸುವೈದಾ, ನೀನು ಅಲ್ಲಿಗೆ ಹೋಗೇ ಇರ್ಲಿಲ್ವಲ್ಲೋ."

"ಏನಕ್ಕಾ ನೀನು! ನನಗೆ ನೆನಪಿದೆ."

"ನಿನಗೆ ಕಣ್ಣು ಬೇನೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ನನ್ನ ತೊಡೆ ಮೇಲೆ ಮಲಗ್ಸಿದ್ರು. ಅಪ್ಪ ಕರ್ಕೊಂಡು ಹೋದದ್ದು ತಮೀಮ್‌ನ. ನಾನೂ ಬರ್ತೀನಿ ಅಂತ ನೀನು ಓಣಿಯೆಲ್ಲಾ ಕೇಳೋ ಹಾಗೆ ಅತ್ತಿದ್ದೆ."

ತಮೀಮ್. ನಮ್ಮಣ್ಣ. ಈ ಹೆಸರನ್ನು ಕೇಳಿ ಎಷ್ಟು ವರ್ಷವಾಯಿತು? ಅವನಿಗೆ ಆಗ ಏಳು. ಅದೇ ವರ್ಷ ಪಿಡುಗಿನಲ್ಲಿ ಹೋದ.

"ಮತ್ತೆ ಆ ಕೈ? ಬಿಸಿ, ಹಸಿ, ಬಿಗಿ. ಅದು ಯಾರದು?"

"ಅವನದೇ. ಹೊರಗಿಂದ ಓಡಿ ಬಂದ, ಬಲಗೈ ಮುಷ್ಟಿ ಬಿಗಿ ಹಿಡ್ಕೊಂಡು, ಮಿಡತೆ ಹಿಡಿದು ತಂದೋರ ಹಾಗೆ. ಬೆವರು ಇಳೀತಿತ್ತು. ಅಮ್ಮ ಊಟಕ್ಕೆ ಕೈ ತೊಳಿ ಅಂದ್ರೆ ಕೇಳ್ಲಿಲ್ಲ. ಸೀದಾ ನಿನ್ನ ಹತ್ರ ಬಂದು, ಮುಷ್ಟಿ ಬಿಚ್ಚಿ, ನಿನ್ನ ಕೈಗೆ ಒತ್ತಿದ. 'ತಗೋ, ಆರೋಕೆ ಮುಂಚೆ ತಗೋ' ಅಂದ. ಆಮೇಲೇ ನೀನು ಅಳು ನಿಲ್ಸಿದ್ದು."

ಅಂಗಳದಲ್ಲಿ ಒಂದು ಕೋಳಿ ಓಡಾಡುತ್ತಿತ್ತು. ಅದನ್ನೇ ನೋಡುತ್ತಿದ್ದೆ.

"ಮತ್ತೆ ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಅಪ್ಪ ಜನರ ಹತ್ರ 'ನನ್ನ ಮಗ ಆ ಕೈ ಹಿಡಿದಿದ್ದ' ಅಂತಿದ್ದ. ಅವನು ನೆನೀತಿದ್ದದ್ದು ಹೋದೋನನ್ನ. ಕೇಳಿದೋರು ತಲೆ ಸವರ್ತಿದ್ದದ್ದು ಉಳಿದೋನ್ದು. ನೀನೂ ನಂಬಿದೆ. ಒಂದು ಕೂಸಿನ ಕೈಯಿಂದ ಅದನ್ನ ಕಿತ್ಕೊಳ್ಳೋಕೆ ಯಾರಿಗೆ ಮನಸ್ಸು ಬರುತ್ತೆ?"

"ಈಗ ಕಿತ್ಕೊಂಡ್ಯಲ್ಲ."

"ಮನೇಲಿಟ್ಕೊಂಡಿದ್ರೆ ನಾನು ಸಾಯೋವರೆಗೂ ಬಾಯಿ ಬಿಡ್ತಿರಲಿಲ್ಲ. ಈಗ ಊರಿಗೆಲ್ಲಾ ಹಂಚ್ತಿದ್ದೀಯ. ಯಾರ ಹೆಸರಲ್ಲಿ ಹಂಚ್ತಿದ್ದೀಯ ಅಂತ ಗೊತ್ತಿದೆ ತಾನೆ?"

ಗೊತ್ತಿದೆ.

ಶಾಬಾನ್ ೪

ಮೈ ಸರಿಯಿಲ್ಲ ಎಂದು ಯಸಾರನಿಗೆ ಹೇಳಿ ಕಳಿಸಿದೆ.

ಶಾಬಾನ್ ೫

ಇಂದೂ.

ಶಾಬಾನ್ ೮

ವಾದ ಒಂದು: ಪ್ರವಾದಿಯವರ ಬಗ್ಗೆ ಸುಳ್ಳು ಹೇಳುವವನ ಗತಿ ಏನೆಂದು ಇಲ್ಲಿನ ಎಳೆಮಕ್ಕಳಿಗೂ ಗೊತ್ತು. ಆದರೆ ನಾನು ಅವರು ಆಡದ ಮಾತನ್ನು ಆಡಿದರೆಂದು ಹೇಳಿಲ್ಲ. ಒಂದು ಮಾತನ್ನೂ ಹೇಳಿಲ್ಲ. ಬರೀ ಕೈ.

ವಾದ ಎರಡು: ಅಕ್ಕನಿಗೆ ಎಂಬತ್ತಾರು. ಆ ವಯಸ್ಸಿನವರ ಮಾತನ್ನು ಯಾರು ನಂಬುತ್ತಾರೆ? (ಎಪ್ಪತ್ತೊಂಬತ್ತರವನನ್ನು ಎಲ್ಲರೂ ನಂಬಿದ್ದಾರೆ. ಈ ವಾದ ಬಿದ್ದುಹೋಯಿತು.)

ವಾದ ಮೂರು: ಹೇಳಿದರೆ ಯಾರೂ ಬರುವುದಿಲ್ಲ.

ಇದು ವಾದವಲ್ಲ. ಆದರೂ ಮೂರರಲ್ಲಿ ಇದೊಂದೇ ಗಟ್ಟಿ.

ಶಾಬಾನ್ ೧೦

ಯಸಾರ್ ಬಂದು ಮಂಚದ ತುದಿಯಲ್ಲಿ ಕುಳಿತ. "ಅಜ್ಜಾವ್ರೇ, ನಾಳೆ ಶುಕ್ರವಾರ ಮಸೀದೀಲಿ ಕೂರ್ಲೇಬೇಕು. ಕೈರವಾನ್‌ನಿಂದ ಹನ್ನೊಂದು ಜನ ಬಂದಿದ್ದಾರೆ. ಮರಳುಗಾಡು ದಾಟಿ ಬಂದಿದ್ದಾರೆ. ನಿಮಗೆ ಹುಷಾರಿಲ್ಲ ಅಂತ ನೆನ್ನೆ ಒಬ್ಬ ಅತ್ತ."

"ಯಾಕೆ ಅತ್ತ? ನನ್ನ ಪರಿಚಯ ಕೂಡ ಇಲ್ಲ."

"ನಿಮಗಾಗಿ ಅತ್ತದ್ದಲ್ಲ ಬಿಡಿ," ಎಂದ ಯಸಾರ್. ಅವನು ಒಮ್ಮೊಮ್ಮೆ ಅರಿಯದೇ ನಿಜ ಹೇಳುತ್ತಾನೆ.

ಬರುತ್ತೇನೆ ಎಂದೆ. ಬಂದು ಸುಮ್ಮನೆ ಕೈ ಕೊಟ್ಟು ಕೂರುವುದು. ಕಥೆ ಹೇಳುವುದಿಲ್ಲ. ಹೇಳದಿದ್ದರೆ ಸುಳ್ಳೂ ಇಲ್ಲ. ಇದು ನನ್ನ ನಾಲ್ಕನೆಯ ವಾದ.

ಶಾಬಾನ್ ೧೧

ಮುಗಿಯಿತು.

ಜುಮಾ ನಮಾಜಿನ ನಂತರ ಕಂಬದ ಬಳಿ ಕೂರಿಸಿದರು. ಹನ್ನೊಂದೂ ಜನ ಮಿಂದು, ಬಿಳಿ ತೊಟ್ಟು, ಅತ್ತರು ಹಚ್ಚಿಕೊಂಡು ಸಾಲಾಗಿ ನಿಂತಿದ್ದರು. ಸಾಲಿನ ಮೊದಲಿಗ ಅವರಲ್ಲೇ ಕಿರಿಯವನು, ಮೀಸೆ ಈಗಷ್ಟೇ ಮೂಡಿದವನು. ಬಹುಶಃ ಅತ್ತವನು ಅವನೇ. ಕೈ ಚಾಚಿದ. ನಾಲ್ಕನೆಯ ವಾದವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಾನೂ ಚಾಚಿದೆ.

ಅವನ ಅಂಗೈ ಬೆವರಿತ್ತು.

ಬಿಸಿಯಾಗಿ, ಹಸಿಯಾಗಿ, ಬಿಗಿಯಾಗಿತ್ತು. ಎಪ್ಪತ್ತನಾಲ್ಕು ವರ್ಷ ವುಜೂವಿನ ನೀರು ಎಂದು ಹೇಳಿಕೊಂಡು ಬಂದದ್ದು ಇದೇ. ಕಣ್ಣಿಗೆ ಪಟ್ಟಿ ಕಟ್ಟಿದಂತೆ ಎಲ್ಲ ಕತ್ತಲಾಯಿತು. ಎಲ್ಲೂ ನಿಲ್ಲದೆ, ಮಿಡತೆಯೊಂದನ್ನೂ ಬೆನ್ನಟ್ಟದೆ, ತನ್ನದನ್ನು ನನಗೆ ಕೊಡಲು ಓಡಿ ಬಂದವನ ಹೆಜ್ಜೆ ಸದ್ದು ಕೇಳಿದ ಹಾಗಾಯಿತು. ಏಳು ವರ್ಷದವನು ಎಪ್ಪತ್ತೊಂಬತ್ತರವನಿಗಿಂತ ದೊಡ್ಡವನಾಗಿ ಎದುರು ನಿಂತಿದ್ದ. ನಾನು ಕೈ ಎಳೆದುಕೊಂಡೆ.

"ಮಗಾ, ತಡಿ. ಇದು ಆ ಕೈ ಅಲ್ಲ," ಎಂದೆ.

ಎಲ್ಲ ಹೇಳಿದೆ. ಕಣ್ಣು ಬೇನೆ, ಅಪ್ಪ, ಅಣ್ಣ, ಎಲ್ಲ. ಹೇಳುವಾಗ ದೊಡ್ಡ ಸ್ವರ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಗೊಗ್ಗರು. ಹಿಂದಿನ ಸಾಲಿನವರಿಗೆ ಕೇಳಿಸದೆ ಯಸಾರ್ ಎರಡನೆಯ ಸಲ ಹೇಳಿಸಿದ, ಪಾಪ, ಏನು ಹೇಳಿಸುತ್ತಿದ್ದೇನೆಂದು ತಿಳಿಯದೆ.

ಅವರಲ್ಲಿ ಹಿರಿಯನು ಲೆಕ್ಕ ಹಾಕಿದ. "ಹಾಗಾದ್ರೆ ಎರಡಲ್ಲ, ಮೂರು ಕೈ."

"ಮೂರು."

"ಮೂರು ಕೈಯೋರು ಕೈರವಾನ್‌ನಲ್ಲೇ ಇದ್ದಾರೆ ಸ್ವಾಮೀ," ಎಂದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು. ನೀರು ಕುಡಿದರು, ನನಗೆ ಆಯುಷ್ಯ ಹಾರೈಸಿದರು, ಹೊರಟರು. ಕೆಲವರು ಮರ್ಯಾದೆಗೆ ಬೆರಳ ತುದಿ ಹಿಡಿದರು. ಕಿರಿಯವನು ಮಾತ್ರ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದ.

ಯಸಾರ್ ಮನೆಯವರೆಗೂ ಜೊತೆಗೆ ಬಂದ. ಬಾಗಿಲಲ್ಲಿ ಕೇಳಿದ:

"ಇದನ್ನ ನನಗೊಬ್ಬನಿಗೇ ಮೊದಲು ಹೇಳ್ಬಾರದಿತ್ತಾ ಅಜ್ಜಾವ್ರೇ?"

"ಹೇಳಿದ್ರೆ ನೀನು ಬಾಯಿ ಮುಚ್ಕೊಂಡಿರಿ ಅಂತಿದ್ದೆ."

"ಅಂತಿದ್ದೆ! ಅಂತಾನೇ ಇದ್ದೆ!" ಎಂದವನು ದಡದಡನೆ ಹೋದ.

ತಮೀಮನ ಹೆಸರನ್ನು ಅವರಲ್ಲಿ ಯಾರೂ ಕೇಳಲಿಲ್ಲ.

ಶಾಬಾನ್ ೧೪

ಯಾರೂ ಇಲ್ಲ. ಬಲಗೈ ಈರುಳ್ಳಿ ಹೆಚ್ಚಿತು.

ಶಾಬಾನ್ ೧೫

ತೆಕ್ಲಾ ರೊಟ್ಟಿ ತಂದಳು.

"ಏನ್ ತಾತ, ಕೈಗೆ ರಜಾನಾ?"

"ನಿವೃತ್ತಿ."

ಅವಳಿಗೆ ಸುದ್ದಿ ಮುಟ್ಟಿತ್ತು ಎಂದು ಕಾಣುತ್ತದೆ. ಗೇಲಿ ಮುಂದುವರಿಸಲಿಲ್ಲ. ಅದು ನನಗೆ ಹಿಡಿಸಲಿಲ್ಲ. ರೊಟ್ಟಿ ಕೊಟ್ಟು, ಹೋಗುವ ಮುನ್ನ ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೈಯನ್ನು ಒಮ್ಮೆ ಸುಮ್ಮನೆ ತಟ್ಟಿದಳು. ಅವಳ ಮತದಲ್ಲಿ ಇದಕ್ಕೆ ಯಾವ ಪುಣ್ಯವೂ ಇಲ್ಲ.

ಶಾಬಾನ್ ೧೭

ಗುರುವಾರ, ಜೀಝಾ. ಅಕ್ಕ ಹೇಳಿದ್ದು: ತಮೀಮನಿಗೆ ಎಡಗಾಲಿನ ಕಿರುಬೆರಳು ವಕ್ರ. ಅಂಜೂರ ಎಂದರೆ ಪ್ರಾಣ. ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತಿತ್ತು, ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದನಂತೆ. ಕೊನೆಯ ದಿನಗಳಲ್ಲಿ ಜ್ವರದಲ್ಲೂ ಬಲಗೈ ಮುಷ್ಟಿ ಮಾಡಿಕೊಂಡೇ ಮಲಗುತ್ತಿದ್ದ. ಅಮ್ಮ ಬಿಚ್ಚಲು ನೋಡಿದರೆ, "ಅದು ಅವರದು," ಎನ್ನುತ್ತಿದ್ದನಂತೆ.

"ಯಾರದು ಅಂತ ಅಮ್ಮ ಕೇಳಿದ್ಲಾ?"

"ಕೇಳೋದೇನಿತ್ತೋ?" ಎಂದಳು ಅಕ್ಕ. ಇಬ್ಬರೂ ಸುಮಾರು ಹೊತ್ತು ಬೆಳ್ಳುಳ್ಳಿ ಬಿಡಿಸಿದೆವು.

ಶಾಬಾನ್ ೧೯

ಕೈ ಹಿಡಿದು ಹೋದವರ ಮನೆ ಮನೆ ಹುಡುಕಿ ಹೇಳಿ ಬರುತ್ತಿದ್ದೇನೆ. ಮಂಡಿ ನೋವಿಗೆ ಇದಕ್ಕಿಂತ ಕೆಟ್ಟ ಔಷಧ ಇಲ್ಲ. ಒಬ್ಬ ಬಾಗಿಲು ಹಾಕಿಕೊಂಡ. ಒಬ್ಬ, "ಆ ದಿನ ನಾನು ಅತ್ತದ್ದು ದಂಡವಾಯ್ತಲ್ಲ!" ಎಂದ. ಅತ್ತದ್ದು ಯಾರಿಗಾಗಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ದಂಡವಾಗಿಲ್ಲ ಎಂದು ಒಪ್ಪಿಕೊಂಡು ಒಂದು ಖರ್ಜೂರ ಕೊಟ್ಟ.

ಇಂದು ಕುಂಬಾರರ ಕೇರಿ. ರಬಾಬ್ ಕೂಸಿಗೆ ಹಾಲು ಕುಡಿಸಿ ತೇಗಿಸುತ್ತಿದ್ದಳು. ಅವಳ ಎದುರು ಹೇಳುವುದು ಹನ್ನೊಂದು ಜನರ ಎದುರು ಹೇಳಿದ್ದಕ್ಕಿಂತ ಕಷ್ಟವಾಯಿತು.

"ಓ," ಎಂದಳು. ಕೂಸಿನ ಬೆನ್ನು ತಟ್ಟಿದಳು. "ಮಧ್ಯದಲ್ಲಿ ಇನ್ನೊಂದು ಮನೆ ಬಂತು, ಅಷ್ಟೇ ತಾನೆ?"

"ಅಷ್ಟೇ ಅಂತಾನೇ ಇಟ್ಕೋ."

"ಆ ಹುಡುಗನ ಹೆಸರೇನು ಅಜ್ಜ?"

"ತಮೀಮ್," ಎಂದೆ. ಕಣ್ಣು ಒರೆಸಿಕೊಂಡೆ. ಖುಫಾಫನ ವಿದ್ಯೆ ನನಗೂ ಬಂದಂತಿದೆ, ಆದರೆ ನೋಡಲು ಯಸಾರ್ ಇರಲಿಲ್ಲ.

"ತಮೀಮ್," ಎಂದು ಅವಳು ಕೂಸಿನ ಕಿವಿಯಲ್ಲಿ ಹೇಳಿದಳು. "ನೆನಪಿಟ್ಕೋ. ಅವನು ಕೈ ತೊಳ್ಕೊಂಡಿದ್ರೆ ನಿನಗೆ ಏನೂ ಸಿಕ್ತಿರ್ಲಿಲ್ಲ."

ಶಾಬಾನ್ ೨೪

ಗುರುವಾರ. ಜೀಝಾಕ್ಕೆ ತಡವಾಗಿ ಹೋದೆ. ಬೆಳಿಗ್ಗೆ ಗೋಡೆಗೆ ಒರಗಿ ಸಲವಾತ್ ಹೇಳುತ್ತಾ ಕೂತಿದ್ದೆ, ಬಿಸಿಲು ಅಂಗಳದ ಈಚೆಗೆ ಬಂದದ್ದೇ ತಿಳಿಯಲಿಲ್ಲ. ಯಾರೂ ಇರಲಿಲ್ಲ, ಜೋರಾಗಿ ಹೇಳುವ ಅಗತ್ಯವೂ ಇರಲಿಲ್ಲ. ತಡವಾದದ್ದಕ್ಕೆ ಅಕ್ಕ ಬೈದಳು. ಅಂಜೂರ ಒಯ್ದಿದ್ದೆ, ಮೂರು. ಒಂದು ಅವಳಿಗೆ, ಒಂದು ನನಗೆ. ಮೂರನೆಯದನ್ನು ಕೋಳಿ ತಿಂದಿತು, ಇಬ್ಬರೂ ಓಡಿಸಲಿಲ್ಲ.

ಶಾಬಾನ್ ೨೮

ನಿಜ ಹೇಳಲು ಉಳಿದವನು ಮಿಹ್ರಾನ್ ಒಬ್ಬನೇ. ಅವನು ಈ ಹೊತ್ತಿಗೆ ಎಲ್ಲಿ ಎಷ್ಟು ದೂರ ಹೋಗಿದ್ದಾನೋ. ಮಂಡಿ ಹಿಡಿದುಕೊಂಡು ಮರ್ವ್‌ವರೆಗೆ ನಡೆಯುವ ವಯಸ್ಸು ನನ್ನದಲ್ಲ. ಇಂದು ಪೂರಾ ಹಾಳೆಯೊಂದನ್ನು ಮಾಡಿದೆ, ಮೂರು ವರ್ಷದ ಮೇಲೆ ಮೊದಲ ಹಾಳೆ. ಜೊಂಡು ಸೀಳುವಾಗ ಕೈಗೆ ಅಭ್ಯಾಸ ತಪ್ಪಿದ್ದರಿಂದ ನಾರು ಸ್ವಲ್ಪ ಓರೆ. ಒಣಗಿದ ಮೇಲೆ ಈ ಕೆಳಗಿನದನ್ನು ಅದರ ಮೇಲೆ ನಕಲು ಮಾಡಿ, ಪೂರ್ವಕ್ಕೆ ಹೊರಡುವ ಯಾರ ಕೈಗಾದರೂ ಕೊಡಬೇಕು. ಯಸಾರ್ ಆಳು ಹುಡುಕಿಕೊಡುತ್ತಾನಂತೆ. ಅವನ ಬೇಸರ ಹೋಗಿಲ್ಲ, ಆದರೆ ಬಂದು ಏನು ಬೇಕೆಂದು ಕೇಳಿದ.

ಇದನ್ನು ಓದುತ್ತಿರುವವರೇ, ನೀವು ಯಾರೋ ನನಗೆ ತಿಳಿಯದು. ನಿಮ್ಮದು ಖುರಾಸಾನಿನ ದಾರಿಯಾಗಿದ್ದರೆ ಮರ್ವ್‌ನಲ್ಲಿ ಮಿಹ್ರಾನ್ ಎಂಬ ಯುವಕನನ್ನು ವಿಚಾರಿಸಿ. ಎತ್ತರದ ಆಳು. ಎಡಗಣ್ಣಿಗೆ ಹುಬ್ಬಿಲ್ಲ, ಅಷ್ಟರಲ್ಲಿ ಬೆಳೆದಿದ್ದರೆ ಜೀರಿಗೆ ಹಾಕಿದ ಸಾರು ಕೊಟ್ಟು ನೋಡಿ, ಮೂರು ಸಲ ಸೀನಿದರೆ ಅವನೇ. ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ ಎಂದು ಹೇಳಿ. ಆಮೇಲೆ ಅವನ ಪುಸ್ತಕ ತೆಗೆಸಿ, ನನ್ನ ಹೆಸರಿಗೂ ಅದರ ಮೇಲಿನ ಹೆಸರಿಗೂ ನಡುವೆ ಎಷ್ಟು ಜಾಗ ಇದೆ ನೋಡಿ, ಅಲ್ಲಿ ತಮೀಮ್ ಎಂದು ಬರೆಸಿಬಿಡಿ. ಸಾಲು ಇಕ್ಕಟ್ಟಾಗಿರಬಹುದು. ಪರವಾಗಿಲ್ಲ, ಏಳು ವರ್ಷದ ಹುಡುಗ, ಹೆಚ್ಚು ಜಾಗ ಬೇಕಾಗುವುದಿಲ್ಲ.